ಗುರುತು ಹತ್ತಿದರೆ ಹಿಂದಿರುಗಿಸತಕ್ಕದ್ದು

ಭಾನುವಾರ, ಮಾರ್ಚ್ ೬, ೧೯೪೯

ಎಂದಿನಂತೆ ಮಧ್ಯಾಹ್ನವನ್ನು ಲೈಲ್ ಹ್ಯಾಸ್ಕೆಲ್‌ನ ಮನೆಯಲ್ಲಿ ಕಳೆದು ಬಂದೆ. ಹದಿನೆಂಟು ವರ್ಷಗಳ ಭಾನುವಾರಗಳು ಹೀಗೆಯೇ ಸಂದಿವೆ: ಎಕೋ ಪಾರ್ಕ್ ಬಡಾವಣೆಯ ಆ ಏರುದಾರಿ, ಅವನ ಹಿತ್ತಲ ಜಗುಲಿ, ಒಣಗಿದ ಬ್ರೆಡ್ಡಿನ ನಡುವೆ ದಪ್ಪಗೆ ಹೆಚ್ಚಿದ ಹಂದಿಮಾಂಸ, ಹೆಸ್ಟರ್ ಕ್ವೇಲ್ ತನ್ನ ಗಿಡದ ನಿಂಬೆಯಿಂದ ಮಾಡಿ ತರುವ ಕಡುಬು. ಮೂವರೂ ಕಾದಂಬರಿಕಾರರು. ಮೂವರೂ ಚಿತ್ರಸಂಸ್ಥೆಗಳಿಗೆ ಬರೆದು ಬದುಕುವವರು. ಮೂವರ ಹೆಸರನ್ನು ಹೇಳಿದರೂ ಈ ಊರಿನಲ್ಲಿ ಎದುರಿನವರು ‘ಯಾರು?’ ಎಂದು ಇನ್ನೊಮ್ಮೆ ಕೇಳುತ್ತಾರೆ.

ಇಂದು ಲೈಲ್ ಬಾಸ್ಟನ್ನಿನಿಂದ ಬಂದ ಪತ್ರವೊಂದನ್ನು ನನ್ನ ಕೈಗಿತ್ತ. “ಓದಿ ಪಾದ್ರಿಗಳೇ, ತಪ್ಪೇನಾದ್ರೂ ಇದ್ರೆ ಈಗ್ಲೇ ತಿದ್ದಿಬಿಡಿ,” ಎಂದ. ನನ್ನ ತಂದೆ ಡುಲೂತಿನಲ್ಲಿ ಪಾದ್ರಿಯಾಗಿದ್ದುದನ್ನು ಅವನು ಒಮ್ಮೆಯೂ ಮರೆತದ್ದಿಲ್ಲ. ೧೯೨೮ರಲ್ಲಿ ಅವನು ಬರೆದ ‘ತಂತಿಕಂಬಗಳು’ ಕಾದಂಬರಿಯನ್ನು ಮರುಮುದ್ರಿಸಲು ಪ್ರಕಾಶಕರು ಸಿದ್ಧರಿದ್ದಾರೆ. ಆದರೆ ಈ ವರ್ಷ ಬರುವ ದೊಡ್ಡ ಚಿತ್ರವೊಂದರಲ್ಲಿ, ತೆರೆಯ ಮೇಲೆ, ಅವನ ಹೆಸರು ಇರುವುದು ಖಚಿತವಾಗಬೇಕು. ನಲವತ್ತು ಚಿತ್ರಗಳಿಗೆ ದುಡಿದವನು. ಹೆಸರು ಬಂದದ್ದು ಆರರಲ್ಲಿ. ಆ ಕಾದಂಬರಿಯ ಉಳಿದ ಪ್ರತಿಗಳು ಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಅವನಿಗೀಗ ಅರವತ್ತೊಂದು.

ಯಾವ ಚಿತ್ರವೆಂದು ಹೇಳಲಿಲ್ಲ. ಕೆಲಸ ಮುಗಿದು ಹೆಸರು ನಿಲ್ಲುವವರೆಗೆ ಅದರ ಸೊಲ್ಲೆತ್ತಬಾರದೆಂಬುದು ಅವನ ಹಳೆಯ ಅಂಜಿಕೆ. ಬರಹಗಾರರ ಸಂಘದ ಮಾತಿಗಾಗಿ ಕಾಯುತ್ತಿದ್ದೇನೆ ಎಂದಷ್ಟೇ ಹೇಳಿದ.

ನನಗೆ ಸಂತೋಷವಾಯಿತು. ಎರಡು ಸಲ ಹಾಗೆಂದು ಹೇಳಿದೆ. ಪತ್ರದ ಎರಡನೆಯ ಕಂಡಿಕೆಯಲ್ಲಿ ವಾಕ್ಯವೊಂದು ಸಡಿಲವಾಗಿತ್ತು, ತೋರಿಸಲಿಲ್ಲ. ನನ್ನ ಎರಡನೆಯ ಕಾದಂಬರಿಯನ್ನು ಪ್ರಕಟಿಸಿದವರೂ ಇವರೇ. ನನಗೆ ಪತ್ರ ಬಂದಿಲ್ಲ. ಬರಬೇಕಾದ ಕಾರಣವೂ ಇಲ್ಲ.

ಬುಧವಾರ, ಮಾರ್ಚ್ ೯

ಸಂಘದಿಂದ ಕಟ್ಟು ಬಂದಿದೆ. ಒಂದೇ ಚಿತ್ರಕಥೆಗೆ ಇಬ್ಬರು ಲೇಖಕರು ಹಕ್ಕು ಹೇಳಿದಾಗ ಕರಡುಗಳನ್ನು ಮೂವರು ತೀರ್ಪುಗಾರರಿಗೆ ಕಳುಹಿಸುತ್ತಾರೆ. ಲೇಖಕರ ಹೆಸರುಗಳನ್ನು ಕತ್ತರಿಸಿ ‘ಎ’, ‘ಬಿ’ ಎಂದು ಗುರುತು ಹಾಕಿರುತ್ತಾರೆ. ಮೂವರಲ್ಲಿ ಯಾರಿಗೂ ಉಳಿದಿಬ್ಬರು ಯಾರೆಂದು ತಿಳಿಯದು. ತೀರ್ಪುಗಾರನ ಹೆಸರು ಎಂದೆಂದಿಗೂ ಹೊರಬೀಳದು. ನಮ್ಮ ಕಸುಬಿನಲ್ಲಿ ನಿರ್ಮಾಪಕರ ಕೈಗೆ ಸಿಗದೆ ಉಳಿದಿರುವ ಶುದ್ಧವಾದ ಕಟ್ಟಳೆ ಇದೊಂದೇ ಎಂದು ನಾನು ಯಾವಾಗಲೂ ಹೇಳುತ್ತ ಬಂದಿದ್ದೇನೆ. ಇದು ನನ್ನ ಒಂಬತ್ತನೆಯ ತೀರ್ಪು.

ಮೇಲುಹಾಳೆಯಲ್ಲಿ ನಿಯಮಗಳಿವೆ. ಏಳನೆಯದು ನನಗೆ ಬಾಯಿಪಾಠ: ಬರಹ ಯಾರದೆಂದು ಗುರುತು ಹತ್ತಿದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಿ ಕಟ್ಟನ್ನು ಹಿಂದಿರುಗಿಸತಕ್ಕದ್ದು.

ಶುಕ್ರವಾರ, ಮಾರ್ಚ್ ೧೧

‘ಎ’ ಬರೆದ ಕರಡು ಮುಗಿಯಿತು. ಸಣ್ಣ ರೈಲು ನಿಲ್ದಾಣವೊಂದರ ಅಧಿಕಾರಿ, ಅವನನ್ನು ಬಿಟ್ಟು ಹೋಗಲು ನಿರ್ಧರಿಸಿದ ಹೆಂಡತಿ. ತಂತಿ ಕಚೇರಿಯ ವಿವರಗಳು ಸೊಗಸಾಗಿವೆ. ಮಳೆಗಾಲದಲ್ಲಿ ಸಲಕರಣೆಯ ಹಿತ್ತಾಳೆ ಕೊಡುವ ವಾಸನೆಯನ್ನೂ ಹೇಳಿದ್ದಾನೆ. ಚೆನ್ನಾಗಿ ಓದಿಕೊಂಡು ಬರೆದಿರಬೇಕು. ಮೂರನೆಯ ಭಾಗದಲ್ಲಿ ಗಂಡ ಮನೆಯವರಿಗೆ ಎಚ್ಚರವಾಗದಿರಲೆಂದು ಬೂಟುಗಳನ್ನು ಕೈಯಲ್ಲಿ ಹಿಡಿದು ನಡೆಯುತ್ತಾನೆ. ಹಳೆಯ ತಲೆಮಾರಿನ ಅನೇಕ ಲೇಖಕರಲ್ಲಿ ಈ ಚಾಳಿಯುಂಟು. ಲೈಲ್‌ನ ಮೂರು ಕಾದಂಬರಿಗಳ ಹಸ್ತಪ್ರತಿಗಳಲ್ಲಿ ಇದನ್ನು ನಾನೇ ಹೊಡೆದುಹಾಕಿದ್ದೇನೆ. ಅಭ್ಯಾಸಬಲದಿಂದ ಇಲ್ಲಿಯೂ ಸೀಸದಕಡ್ಡಿಯಿಂದ ಗೆರೆ ಎಳೆದುಬಿಟ್ಟೆ. ಕಟ್ಟಿನ ಮೇಲೆ ಗುರುತು ಮಾಡಬಾರದೆಂದು ನೆನಪಾಗಿ ಅಳಿಸಿದೆ.

ನಾಳೆ ‘ಬಿ’.

ಸೋಮವಾರ, ಮಾರ್ಚ್ ೧೪

ತೀರ್ಪು ಬರೆದು ಅಂಚೆಗೆ ಹಾಕಿದೆ. ‘ಬಿ’ಗೆ ಪೂರ್ಣ ಹಕ್ಕು, ‘ಎ’ಯ ಹೆಸರು ತೆರೆಯ ಮೇಲೆ ಬರುವಷ್ಟು ಅವನ ಕೆಲಸ ಉಳಿದಿಲ್ಲ. ಒಂದು ಪುಟದ ವಿವರಣೆಯಲ್ಲಿ ಒಂದು ಮಾತು ಚೆನ್ನಾಗಿ ಕೂಡಿಬಂದಿತು: “ಲೇಖಕ ‘ಎ’ ಕೊಟ್ಟಿರುವುದು ಮನೆಯನ್ನಲ್ಲ, ಮನೆಯೊಂದಿದ್ದರೆ ಚೆನ್ನಾಗಿತ್ತೆಂಬ ಹಂಬಲವನ್ನು.” ಮೂರು ಸಲ ಓದಿದೆ. ಒಂದು ಪದವನ್ನೂ ಕದಲಿಸಬೇಕಾಗಿರಲಿಲ್ಲ.

ಮಧ್ಯಾಹ್ನ ಹಸಿವಾಗಲಿಲ್ಲ.

ಭಾನುವಾರ, ಮಾರ್ಚ್ ೨೭

ಲೈಲ್‌ನ ಹೆಸರು ಹೋಯಿತು.

ನಾನು ಹೋದಾಗ ಅವನು ಜಗುಲಿಯಲ್ಲಿ ಕುಳಿತು ಸೀಸದಕಡ್ಡಿಗಳನ್ನು ಚೂಪು ಮಾಡುತ್ತಿದ್ದ. ಹನ್ನೆರಡು ಆಗಿದ್ದವು, ಹದಿಮೂರನೆಯದು ಕೈಯಲ್ಲಿತ್ತು. ಹೆಸ್ಟರ್ ಕಾಫಿ ಬಗ್ಗಿಸಿದಳು. ಎರಡಕ್ಕೆ ಒಂದು ಎಂದು ತೀರ್ಪಾಗಿದೆಯಂತೆ: ಇಬ್ಬರು ಅವನ ವಿರುದ್ಧ, ಒಬ್ಬರು ಅವನ ಪರ. ಸಂಘ ಕಳುಹಿಸಿದ ಸಾರಾಂಶವನ್ನು ಅವನು ಗಟ್ಟಿಯಾಗಿ ಓದಿದ. ನಡುವೆ ಆ ಮಾತು ಬಂದಿತು. ಮನೆ; ಹಂಬಲ.

“ಯಾರೋ ಬರೆಯೋಕೆ ಬಲ್ಲೋನೇ ಬರೆದಿದಾನೆ ಕಣಯ್ಯ,” ಎಂದ ಲೈಲ್. “ಅದೇ ನೋವು. ದಡ್ಡ ಬೈದಿದ್ರೆ ಒರೆಸ್ಕೊಂಡು ಹೋಗ್ತಿದ್ದೆ.”

ನಾನು ಕಾಫಿ ಕುಡಿದೆ. ಚಿತ್ರದ ಹೆಸರು ‘ಹಗಲಿನ ಗಾಡಿ’ ಎಂದು ಅವನು ಈಗ ಹೇಳಿದ. ಕಟ್ಟಿನ ಮೇಲೆ ಬೇರೆ ಹೆಸರಿತ್ತು. ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ: ತಿಳಿಯುವ ದಾರಿಯೇ ಇರಲಿಲ್ಲ.

ಬಾಸ್ಟನ್ನಿಗೆ ಅವನಿನ್ನೂ ತಿಳಿಸಿಲ್ಲ.

ಮಂಗಳವಾರ, ಮಾರ್ಚ್ ೨೯

ಹೆಸ್ಟರ್ ಊಟಕ್ಕೆ ಕರೆದಿದ್ದಳು. ಸುತ್ತಿ ಬಳಸುವವಳಲ್ಲ ಅವಳು. ಗಂಡ ಸತ್ತ ವಾರವೇ ಅವನ ಕೆಟ್ಟ ಕವಿತೆಗಳನ್ನೆಲ್ಲ ಸುಟ್ಟವಳು. ಸೂಪು ಬರುವ ಮೊದಲೇ ಈ ತಿಂಗಳು ನನಗೆ ಸಂಘದಿಂದ ಕಟ್ಟೇನಾದರೂ ಬಂದಿತ್ತೇ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದೆ.

“ಬಂದಿಲ್ದೇ ಇದ್ದಿದ್ರೆ ‘ಇಲ್ಲ’ ಅಂತಿದ್ದೆ,” ಎಂದಳು.

ಆಮೇಲೆ ಮೀನಿನ ಬಗ್ಗೆ, ನಗರದ ಹೊಗೆಮಂಜಿನ ಬಗ್ಗೆ ಮಾತಾಡಿದೆವು. ನನ್ನ ನಡೆ ನಿಯಮಕ್ಕೆ ಸರಿಯಾಗಿತ್ತು. ಹೊರಡುವಾಗ ಅವಳು ಕೈ ಕುಲುಕಲಿಲ್ಲ, ಕೈಯಲ್ಲಿ ಚೀಲವಿತ್ತು.

ಭಾನುವಾರ, ಏಪ್ರಿಲ್ ೩

ನೆಗಡಿಯೆಂದು ದೂರವಾಣಿಯಲ್ಲಿ ಹೇಳಿ ಮನೆಯಲ್ಲೇ ಉಳಿದೆ.

ಮಂಗಳವಾರ, ಏಪ್ರಿಲ್ ೫

ನೆಗಡಿಯ ಸುದ್ದಿ ಕೇಳಿ ಲೈಲ್ ಎರಡು ಬಸ್ಸು ಬದಲಿಸಿ ಹುರುಳಿಕಾಯಿ ಸೂಪಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಂದ. ಕಣ್ಣು ಸರಿಯಿಲ್ಲದ್ದರಿಂದ ಕಾರು ಓಡಿಸುವುದನ್ನು ಕಳೆದ ವರ್ಷವೇ ಬಿಟ್ಟಿದ್ದಾನೆ. ನಾನು ಕೆಮ್ಮಿದೆ. ಕೆಮ್ಮು ನನಗೇ ಕೃತಕವಾಗಿ ಕೇಳಿಸಿತು.

ಅವನು ಬಂದದ್ದು ಸೂಪಿಗಾಗಿ ಮಾತ್ರವಲ್ಲ. ತೀರ್ಪಿನ ವಿರುದ್ಧ ಸಂಘಕ್ಕೆ ಮನವಿ ಸಲ್ಲಿಸಬೇಕು; ತಾನು ಬರೆದರೆ ಅಳುವಂತೆ ಕೇಳುತ್ತದೆ; ನಾನು ಬರೆದುಕೊಡಬೇಕು. “ನೇರವಾದ ವಾಕ್ಯ ಬರೆಯೋನು ಈ ಊರಲ್ಲಿ ನೀನೊಬ್ನೇ,” ಎಂದ. “ಹೊಗಳ್ತಿಲ್ಲ. ನಿನ್ನ ಕಾದಂಬರಿಗಳು ಸತ್ತದ್ದೇ ಅದರಿಂದ.”

ಅವನ ಕರಡಿನ ಪ್ರತಿಯನ್ನು ಮೇಜಿನ ಮೇಲಿಟ್ಟ. ಮೊದಲ ಬಾರಿಗೆ ನೋಡುವವನಂತೆ ಪುಟ ತಿರುವಿದೆ. ಸೂಪು ಕುಡಿಯುತ್ತ ನಾಲ್ಕು ಪುಟ ಬರೆದೆ. ಬರೆಯುತ್ತ ಬರೆಯುತ್ತ, ನನ್ನದೇ ತೀರ್ಪಿನ ಒಂದೊಂದು ಕಾರಣವೂ ಎಷ್ಟು ಅವಸರದ್ದೆಂಬುದು ಕಂಡಿತು. ಇಡೀ ಚಿತ್ರದ ತಿರುಳು ಟಿಕೆಟ್ಟಿನ ಕಿಂಡಿಯ ದೃಶ್ಯ: ಹೆಂಡತಿ ಊರು ಬಿಡಲೆಂದು ಬಂದು ಕಿಂಡಿಯ ಮುಂದೆ ನಿಲ್ಲುತ್ತಾಳೆ. ಅದು ‘ಎ’ಯದೇ, ಅಂದರೆ ಲೈಲ್‌ನದೇ. ‘ಬಿ’ ಅದನ್ನು ಬದಲಿಸಿರಬಹುದು, ಮೊದಲು ಕಲ್ಪಿಸಿದ್ದು ಲೈಲ್. ನಾನು ಇದನ್ನು ಅಂದು ತೂಗಲಿಲ್ಲ. ಏಕೆ ತೂಗಲಿಲ್ಲ?

ಮನವಿಯನ್ನು ಓದಿ ಅವನು ಮಡಿಸಿ ಜೇಬಿಗಿಟ್ಟುಕೊಂಡ. ಹೊರಡುವಾಗ ಪಾತ್ರೆಯನ್ನು ಇಲ್ಲಿಯೇ ಬಿಟ್ಟುಹೋದ. ತೊಳೆದಿಟ್ಟಿದ್ದೇನೆ.

ಬೂಟುಗಳು ಬಂದ ಪುಟವನ್ನು ನಾನು ತೆರೆಯಲಿಲ್ಲ.

ಶುಕ್ರವಾರ, ಏಪ್ರಿಲ್ ೮

ಮನವಿ ತಿರಸ್ಕೃತವಾಗಿದೆ. ಲೈಲ್ ದೂರವಾಣಿಯಲ್ಲಿ ಓದಿ ಹೇಳಿದ. ತೀರ್ಪಿನ ಒಳಿತು ಕೆಡುಕುಗಳ ಬಗ್ಗೆ ಮನವಿಗೆ ಅವಕಾಶವಿಲ್ಲ. ತೀರ್ಪುಗಾರರಲ್ಲಿ ಒಬ್ಬರು ತೀರ್ಪು ಕೊಡಲು ಅನರ್ಹರಾಗಿದ್ದರೆಂದು ತೋರಿಬಂದರೆ ಮಾತ್ರ ಹೊಸ ಮೂವರ ಮುಂದೆ ಮತ್ತೆ ಇಡಬಹುದು.

“ಅದು ಹೆಂಗೆ ತೋರಿಸೋದಯ್ಯ? ಯಾರು ಅಂತಲೇ ಗೊತ್ತಾಗಲ್ವಲ್ಲ,” ಎಂದು ನಕ್ಕ. ಸೋಮವಾರ ಬಾಸ್ಟನ್ನಿಗೆ ಬರೆಯುತ್ತಾನಂತೆ.

ಒಂದು ವಾರ ತಡೆ ಎಂದೆ. ಏಕೆಂದು ಅವನು ಕೇಳಲಿಲ್ಲ.

ಶನಿವಾರ, ಏಪ್ರಿಲ್ ೯

ಮಾರ್ಚ್ ಹನ್ನೊಂದರ ದಿನಚರಿಯನ್ನು ತೆಗೆದು ಓದಿದೆ.

ಲೈಲ್ ನೆಬ್ರಾಸ್ಕದಲ್ಲಿ ಏಳು ವರ್ಷ ತಂತಿ ಗುಮಾಸ್ತನಾಗಿದ್ದ. ಹಿತ್ತಾಳೆಯ ವಾಸನೆಯ ವಿಷಯ ನನಗೆ ಹೇಳಿದವನು ಅವನೇ, ಹದಿನೈದು ವರ್ಷಗಳ ಕೆಳಗೆ, ಅದೇ ಜಗುಲಿಯಲ್ಲಿ. ಲೈಲ್ ಎಂದು ನನ್ನ ಕೈಯಾರೆ ಅಂದೇ ಬರೆದಿದ್ದೇನೆ. ಹೆಸರನ್ನು ಬರೆದು, ಮುಂದಿನ ವಾಕ್ಯಕ್ಕೆ ಹೋಗಿದ್ದೇನೆ.

ಸೋಮವಾರ, ಏಪ್ರಿಲ್ ೧೧

ಸಂಘದ ಕಚೇರಿಗೆ ಹೋದೆ. ತೀರ್ಪುಗಳ ಕಡತ ನೋಡಿಕೊಳ್ಳುವವಳು ಶ್ರೀಮತಿ ಪೆಟ್ರಾಕ್. ಹನ್ನೆರಡು ವರ್ಷದ ಪರಿಚಯ. ಬರಹ ಯಾರದೆಂದು ತಿಳಿದೂ ತೀರ್ಪು ಕೊಟ್ಟೆನೆಂದು ಹೇಳಿದೆ. ಅವಳು ಕನ್ನಡಕ ತೆಗೆದಳು. ಎಷ್ಟನೆಯ ಪುಟದಲ್ಲಿ ತಿಳಿಯಿತು ಎಂದು ಕೇಳಿದಳು. ನಮೂನೆಯಲ್ಲಿ ಅದಕ್ಕೊಂದು ಜಾಗವಿದೆಯಂತೆ. ತೊಂಬತ್ತೊಂದು ಎಂದೆ, ಬೂಟುಗಳ ಪುಟ. ಸ್ವಲ್ಪ ತಡೆದು, ನಾಲ್ಕು ಎಂದು ತಿದ್ದಿಸಿದೆ. ತಂತಿ ಕಚೇರಿ ನಾಲ್ಕನೆಯ ಪುಟದಲ್ಲಿದೆ.

“ನೀವು ಸುಮ್ನಿದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ, ಲೋಫ್‌ಗ್ರೆನ್ ಅವ್ರೇ,” ಎಂದಳು.

ಗೊತ್ತಿದೆ ಎಂದೆ.

ಇನ್ನು ನನಗೆ ಕಟ್ಟು ಬರುವುದಿಲ್ಲ. ಸಂಘದ ಸಮಿತಿಗಳಿಂದಲೂ ಹೆಸರು ತೆಗೆಯುತ್ತಾರೆ. ಹೊಸ ಮೂವರಿಗೆ ಕರಡುಗಳು ನಾಳೆಯೇ ಹೋಗುತ್ತವೆ.

ಮಂಗಳವಾರ, ಏಪ್ರಿಲ್ ೧೨

ಬೆಳಗ್ಗೆ ಹತ್ತಕ್ಕೆ ಪಾತ್ರೆ ಹಿಂದಿರುಗಿಸುವ ನೆಪದಲ್ಲಿ ಹೋದೆ. ಲೈಲ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ನಿಂತೇ ಹೇಳಿದೆ. ಮನೆಯೂ ಹಂಬಲವೂ ನನ್ನ ಮಾತುಗಳೆಂದೆ. ಅವನು ಕೈಯಲ್ಲಿದ್ದ ಅಂಗಿಯನ್ನು ಹಗ್ಗಕ್ಕೆ ಹಾಕಿ, ಎರಡೂ ಚಿಮಟಗಳನ್ನು ಸಿಕ್ಕಿಸಿ, ಆಮೇಲೆ ನನ್ನ ಕಡೆ ತಿರುಗಿದ.

“ನಂದು ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಓದಿದೆ.”

“ಓದಿದೆ.”

“ಬಾಸ್ಟನ್ ಕಾಗದ ಬಂದ ವಾರ ಅಲ್ವಾ ಅದು?”

ಆ ಕಾಗದವನ್ನೂ ನನ್ನ ತೀರ್ಪನ್ನೂ ಜೋಡಿಸಿ ನಾನು ಇದುವರೆಗೆ ಈ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಹೌದೆಂದೆ.

ಸಿಟ್ಟಾಗುತ್ತಾನೆಂದು ಸಿದ್ಧನಾಗಿ ಹೋಗಿದ್ದೆ. ಅವನು ಸಿಟ್ಟಾಗಲಿಲ್ಲ. ನಂಬಲಾರದವನಂತೆ ಪಾತ್ರೆಯನ್ನು ನೋಡಿದ. “ನನ್ನ ಮನವೀನ ನೀನೇ ಬರೆದೆಯಲ್ಲೋ,” ಎಂದ. “ನನ್ನ ಸೂಪು ಕುಡೀತಾ ಕೂತು ಬರೆದೆ. ನಾನು ಬಸ್ಸಲ್ಲಿ ಹೋಗ್ತಾ ಅದನ್ನ ಎರಡು ಸಲ ಓದಿದೆ ಕಣೋ. ಇಂಥ ಸ್ನೇಹಿತ ಇದಾನಲ್ಲ, ಹೆಸರು ಹೋದ್ರೆ ಹೋಗ್ಲಿ ಅಂದ್ಕೊಂಡೆ.”

ಹೊಸ ಮೂವರನ್ನು ನೇಮಿಸುತ್ತಾರೆಂದು ಹೇಳಿದೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ.

“ಹೋಗು, ಎಮ್ಮೆಟ್.”

ಹದಿನೆಂಟು ವರ್ಷಗಳಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ಗುರುವಾರ, ಏಪ್ರಿಲ್ ೨೮

ಶ್ರೀಮತಿ ಪೆಟ್ರಾಕ್ ಹೇಳಬಾರದಿತ್ತು, ಆದರೂ ಹೇಳಿದಳು. ಹೊಸ ಮೂವರು. ‘ಬಿ’ಗೆ ಪೂರ್ಣ ಹಕ್ಕು. ಮೂವರದೂ ಒಂದೇ ಮಾತು.

ಅಂದರೆ ಮಾರ್ಚ್ ಹನ್ನೊಂದರಂದು ನಾನು ಕಟ್ಟನ್ನು ಹಿಂದಿರುಗಿಸಿದ್ದರೂ ಲೈಲ್ ಸೋಲುತ್ತಿದ್ದ. ಒಳಗೊಳಗೆ ಹಗುರವಾದೀತೆಂದು ಕಾದೆ. ಆಗಲಿಲ್ಲ.

ಭಾನುವಾರ, ಮೇ ೨೨

ಲೈಲ್ ‘ಹೋಗು’ ಎಂದ ಮೇಲೆ ಆರನೆಯ ಭಾನುವಾರ. ಹೆಸ್ಟರ್ ಬಂದಿದ್ದಳು, ಕೈಯಲ್ಲಿ ನಿಂಬೆಹಣ್ಣುಗಳ ಚೀಲ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿದಳು. ಬಾಸ್ಟನ್ನಿನವರು ಸಭ್ಯವಾದ ಪತ್ರ ಬರೆದು ಹಿಂದೆ ಸರಿದಿದ್ದಾರೆ. ಲೈಲ್ ಬೆಳಗ್ಗೆ ಹೊತ್ತು ಏನೋ ಬರೆಯುತ್ತಿದ್ದಾನೆ, ತೋರಿಸುವುದಿಲ್ಲ. ನನ್ನ ಬಗ್ಗೆ ಕೇಳುತ್ತಾನೆಯೇ ಎಂದೆ.

“ಇಲ್ಲ. ಆದ್ರೆ ನಿನ್ನ ಕುರ್ಚೀಲಿ ನನ್ನ ಚೀಲ ಇಟ್ರೆ ತೆಗೆದು ನೆಲಕ್ಕಿಡ್ತಾನೆ,” ಎಂದಳು.

ಅದರ ಅರ್ಥವೇನೆಂದು ಕೇಳಿದೆ. ತಾನು ಅರ್ಥ ಹೇಳಲು ಬಂದಿಲ್ಲವೆಂದಳು. ನಿಂಬೆಹಣ್ಣುಗಳು ಮೇಜಿನ ಮೇಲಿವೆ. ಅವನ್ನು ಏನು ಮಾಡಬೇಕೆಂದು ನನಗೆ ತಿಳಿಯದು.

ಸೋಮವಾರ, ಜುಲೈ ೪

ಚಿತ್ರಸಂಸ್ಥೆ ನನ್ನ ಕರಾರನ್ನು ನವೀಕರಿಸಿದೆ. ಕುದುರೆ ಸವಾರರ ಕಥೆ. ಬೆಳಗ್ಗೆ ಎಂಟು ಪುಟ ಬರೆದೆ. ಓದಿ ನೋಡಲು ಯಾರೂ ಇಲ್ಲದ್ದರಿಂದ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂಬುದು ಗೊತ್ತಾಗುತ್ತಿಲ್ಲ. ಬೀದಿಯಲ್ಲಿ ಪಟಾಕಿ ಸದ್ದು.

ಬುಧವಾರ, ಆಗಸ್ಟ್ ೧೭

‘ಹಗಲಿನ ಗಾಡಿ’ ಪಕ್ಕದ ಊರಾದ ಪಾಸಡೇನಕ್ಕೆ ಬಂದಿದೆ. ಎರಡೂವರೆಯ ಆಟಕ್ಕೆ ಹೋದೆ. ಸೆಕೆಗೆ ತಂಪಾದ ಜಾಗ ಹುಡುಕಿ ಬಂದ ಮುದುಕರು, ತೋಳಿನ ಮೇಲೆ ಸಾಮಾನಿನ ಚೀಲ ಹೊತ್ತ ಹೆಂಗಸರು. ದೀಪ ಆರುವ ಮೊದಲು ನೋಡಿದರೆ, ನನಗಿಂತ ಮೂರು ಸಾಲು ಮುಂದೆ, ಅಂಚಿನ ಆಸನದಲ್ಲಿ ಲೈಲ್. ಒಬ್ಬನೇ. ಎದ್ದು ಹೋಗಬೇಕೆಂದುಕೊಂಡೆ. ಆದರೆ ನಾನು ಹೋಗಿ ಕುಳಿತದ್ದು ಅವನ ಸಾಲಿನಲ್ಲಿ, ನಡುವೆ ಒಂದು ಆಸನ ಬಿಟ್ಟು. ಅವನು ನೋಡಿದ. ಮತ್ತೆ ತೆರೆಯ ಕಡೆ ತಿರುಗಿದ.

ತೆರೆಯ ಮೇಲೆ ‘ಕಥೆ–ಸಂಭಾಷಣೆ: ಥೆಲ್ಮಾ ವಾರ್ನಿಕ್’ ಎಂದು ‘ಬಿ’ಯ ಹೆಸರು ಬಂದಿತು, ಹೋಯಿತು. ಇಷ್ಟು ಬೇಗ ಹೋಗುತ್ತದೆಂದು ಇಷ್ಟು ವರ್ಷಗಳಲ್ಲಿ ನಾನು ಗಮನಿಸಿರಲಿಲ್ಲ.

ಟಿಕೆಟ್ಟಿನ ಕಿಂಡಿಯ ದೃಶ್ಯ ಬಂದಾಗ ಮಂದಿರವೆಲ್ಲ ನಿಶ್ಶಬ್ದವಾಯಿತು. ಲೈಲ್‌ನ ಕರಡಿನಲ್ಲಿ ಆ ಹೆಂಗಸು ಕಿಂಡಿಯ ಗುಮಾಸ್ತನಿಗೆ ತನ್ನ ಬಾಳನ್ನೆಲ್ಲ ಹೇಳಿಕೊಳ್ಳುತ್ತಾಳೆ, ಎರಡೂವರೆ ಪುಟ. ಇಲ್ಲಿ ಅವಳು ಮಾತಾಡಲಿಲ್ಲ. ಟಿಕೆಟ್ಟು ಕೊಂಡಳು. ಅದನ್ನು ನೋಡಿದಳು. ಮುಂದಿನ ಊರಿಗೆ ಹೋಗುವ ಗಾಡಿ ಎಷ್ಟಕ್ಕೆ ಎಂದು ಕೇಳಿದಳು. ಅವಳು ಕೇಳಿದ ಆ ಗಾಡಿ ನಿಂತಿರುವುದು ಅವಳ ಎದುರಿಗೇ. ನನ್ನ ಹಿಂದೆ ಯಾರೋ ಮೂಗೊರೆಸಿಕೊಂಡರು. ಲೈಲ್ ತೆರೆಯನ್ನು ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿ, ಜನರ ಮುಖಗಳನ್ನು ನೋಡುತ್ತಿದ್ದ.

ಹೊರಗೆ ಬಿಸಿಲಿನಲ್ಲಿ ಇಬ್ಬರೂ ಕಣ್ಣು ಕಿರಿದು ಮಾಡಿ ನಿಂತೆವು. ಕಿಂಡಿಯ ದೃಶ್ಯವನ್ನು ಮೊದಲು ಕಲ್ಪಿಸಿದ್ದು ನೀನು ಎಂದು ಹೇಳಲು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ.

“ಅದು ನಂದಲ್ಲ. ಅವಳು ಮಾಡಿದ್ದು. ನಾನು ನೂರು ವರ್ಷ ಕೂತಿದ್ರೂ ಆ ಹೆಂಗಸಿನ ಬಾಯಿ ಮುಚ್ಚಿಸ್ತಿರಲಿಲ್ಲ.” ಟೋಪಿಯನ್ನು ಸರಿಮಾಡಿಕೊಂಡ. “ತೀರ್ಪು ಸರಿಯಾಗಿತ್ತು, ಎಮ್ಮೆಟ್. ಸರಿ ಇಲ್ದೇ ಇದ್ದದ್ದು ನೀನು.”

“ಹೌದು,” ಎಂದೆ.

ಇನ್ನೂ ಏನಾದರೂ ಹೇಳುತ್ತೇನೋ ಎಂದು ಅವನು ಕಾದಂತೆ ತೋರಿತು. ಅವನ ಬಸ್ಸು ಬಂದು ನಿಂತು, ಬಾಗಿಲು ತೆರೆದು, ಮುಚ್ಚಿ, ಹೊರಟುಹೋಯಿತು. ಅವನು ಹತ್ತಲಿಲ್ಲ. ಮುಂದಿನ ಬಸ್ಸು ಐವತ್ತು ನಿಮಿಷಕ್ಕೆ ಎಂದು ಹಲಗೆಯ ಮೇಲೆ ಬರೆದಿತ್ತು. ಇಬ್ಬರೂ ಅದನ್ನು ಓದಿದೆವು. ಆಮೇಲೆ ಅವನೇ ನನ್ನ ಕಾರಿನ ಕಡೆಗೆ ನಡೆದ.

ಸೇತುವೆ ದಾಟಿದ ಮೇಲೆ ಅವನು ಹಸಿವೆಂದ. ದಾರಿಬದಿಯ ಹೋಟೆಲೊಂದರ ಮುಂದೆ ಕಾರು ನಿಲ್ಲಿಸಿದೆ.